ನಡುಗುವ ಕುರಿ

ಸಿಂದಗಿ ತಾಲೂಕಿನ ಒಂದು ಸಣ್ಣ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಚಂದವ್ವನಿಗೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಒಂದು ಹುಚ್ಚು ಹಿಡಿಯಿತು. ಫೋಟೊಗಳನ್ನು ಒಂದರ ಹಿಂದೊಂದು ಓಡಿಸಿದರೆ ಜೀವವಿಲ್ಲದ ವಸ್ತುವೂ ನಡೆದಾಡುತ್ತದೆ ಎಂಬುದನ್ನು ಮೊಬೈಲಿನಲ್ಲಿ ನೋಡಿದ್ದೇ ನೆಪ. ಗಂಡ ಅಮಸಿದ್ದ, ವರ್ಷದ ಎಂಟು ತಿಂಗಳು ಕುರಿ ಹಿಂಡಿನ ಹಿಂದೆ ಊರೂರು ತಿರುಗುವವನು. ಮನೆಯಲ್ಲಿ ಉಣ್ಣೆಗೇನು ಬರವಿರಲಿಲ್ಲ.

ದೇವರ ಹಿಪ್ಪರಗಿ ಸಂತೆಯಲ್ಲಿ ಕೊಂಡ ಹಳೇ ಮೊಬೈಲಿನ ಗಾಜು ಬಿರುಕು ಬಿಟ್ಟಿತ್ತು. ಎರಡು ಎಣ್ಣೆ ಡಬ್ಬಿಗಳ ಮೇಲೆ ಅಡ್ಡಪಟ್ಟಿ ಇಟ್ಟು ಮೊಬೈಲನ್ನು ಅದಕ್ಕೆ ದಾರದಿಂದ ಬಿಗಿಯುವಳು. ಕೆಳಗೆ ಕರಿ ಕಂಬಳಿ, ಅದರ ಮೇಲೆ ಬಿಳಿ ಉಣ್ಣೆ ಹಿಂಜಿ ಮಾಡಿದ ಕುರಿ. ಅದರ ಕಾಲನ್ನು ಜೋಳದ ಕಾಳಿನಷ್ಟು ಸರಿಸಿ ಒಂದು ಫೋಟೊ, ಮತ್ತಷ್ಟು ಸರಿಸಿ ಇನ್ನೊಂದು. ಇನ್ನೂರು ಫೋಟೊಗೆ ಮೊಬೈಲ್ ತುಂಬಿಹೋಗುತ್ತಿತ್ತು. ಆಗ ಅಷ್ಟನ್ನು ಜೋಡಿಸಿ, ಫೋಟೊಗಳನ್ನು ಅಳಿಸಿ, ಮತ್ತೆ ಶುರು ಮಾಡಬೇಕು.

ಮಾಡಿದ್ದನ್ನೆಲ್ಲ ಅವಳು ಒಬ್ಬರಿಗೇ ಕಳಿಸುತ್ತಿದ್ದಳು, ಅದೇ ಶಾಲೆಯ ಶಿಕ್ಷಕಿ ವಿದ್ಯಾವತಿಗೆ. ಕಲಿತವರು, ಕಂಪ್ಯೂಟರ್ ಬಲ್ಲವರು. ಪ್ರತಿ ಸಲವೂ ವಿದ್ಯಾವತಿ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದಳು.

“ಕುರಿ ನಡಗತೈತಿ ಚಂದವ್ವ. ಉಣ್ಣೆ ಅಲ್ಲಾಡತೈತಿ, ಬೆಳಕು ಹೋಗಿ ಬರತೈತಿ. ಮಂದಿಗೆ ತೋರಿಸಬ್ಯಾಡ, ನಗ್ತಾರ.”

“ಹೌದ್ರಿ ಅಕ್ಕೋರ,” ಎನ್ನುವಳು ಚಂದವ್ವ. ಆ ನಡುಕ ನಿಲ್ಲಿಸಲು ಉಣ್ಣೆಗೆ ಗಂಜಿ ಹಚ್ಚಿ ನೋಡಿದಳು, ಉಸಿರು ಬಿಗಿಹಿಡಿದು ಫೋಟೊ ತೆಗೆದಳು. ಆದರೂ ಕುರಿ ನಡುಗಿತು. ತನ್ನ ಕೈಯೇ ಸರಿಯಿಲ್ಲ, ಇದು ಕಲಿತವರ ಕೆಲಸ ಅನ್ನಿಸಿ ಎಷ್ಟೋ ಸಲ ಡಬ್ಬಿಗಳನ್ನು ಅಟ್ಟಕ್ಕೆ ಎತ್ತಿಟ್ಟಳು. ವಾರ ಕಳೆಯುವುದರೊಳಗೆ ಮತ್ತೆ ಇಳಿಸಿದಳು. ಹೀಗೆ ಮೂರು ವರ್ಷ.

ಆ ಮೂರು ವರ್ಷಗಳಲ್ಲಿ ಕೊನೆಯದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಉಣ್ಣೆ ಕತ್ತರಿಸಿಕೊಂಡ ಕುರಿಯೊಂದು ಆ ಉಣ್ಣೆಯ ಹಿಂದೆಯೇ ಮಗ್ಗದವರೆಗೆ ಹೋಗಿ, ನೆಯ್ದು ಮುಗಿದ ಕಂಬಳಿಯ ಮೇಲೆ ಮಲಗಿಬಿಡುವ ಒಂದು ನಿಮಿಷದ ಚಿತ್ರ. ವಿದ್ಯಾವತಿ ಅದನ್ನು ಎರಡು ಸಲ ನೋಡಿದಳು. ಆಮೇಲೆ, “ಇದೂ ನಡಗತೈತಿ,” ಎಂದಳು.

ಫೆಬ್ರವರಿಯಲ್ಲಿ ನಾಲ್ಕು ತಾಲೂಕಿನ ಶಿಕ್ಷಕರಿಗೆ ಬಸವನ ಬಾಗೇವಾಡಿಯಲ್ಲಿ ತರಬೇತಿ ಇತ್ತು. ಅಡುಗೆಯವರಿಗೂ ಅದೇ ದಿನ, ಪಕ್ಕದ ಕೋಣೆಯಲ್ಲಿ ಸ್ವಚ್ಛತೆಯ ಪಾಠ. ಮಧ್ಯಾಹ್ನ ಚಹಾ ಆದ ಮೇಲೆ ಎಲ್ಲರನ್ನೂ ದೊಡ್ಡ ಹಾಲಿಗೆ ಕರೆದರು. ಚಂದವ್ವ ತನ್ನ ಜೊತೆ ಅಡುಗೆ ಮಾಡುವ ಲಾಲಬಿಯೊಂದಿಗೆ ಹಿಂದಿನ ಸಾಲಿನಲ್ಲಿ ಕೂತಳು. ಕಿಟಕಿಗಳನ್ನು ಮುಚ್ಚಿದರು. ಪರದೆಯ ಮೇಲೆ ಕರಿ ಕಂಬಳಿ ಕಾಣಿಸಿತು, ಅದರ ಮೇಲೆ ಅವಳ ಕುರಿ, ಆನೆಯಷ್ಟು ದೊಡ್ಡದಾಗಿ ನಡೆದುಬಂತು.

ಕೆಳಗೆ ಹೆಸರು: ವಿದ್ಯಾವತಿ, ಸಹಶಿಕ್ಷಕಿ.

ಮಂದಿ ಚಪ್ಪಾಳೆ ತಟ್ಟಿದರು. ವಿದ್ಯಾವತಿ ಮೈಕು ಹಿಡಿದು, “ಕುರಿ ನಡುಗುವುದನ್ನು ಬೇಕಂತಲೇ ಹಾಗೆ ಉಳಿಸಿದ್ದೇನೆ. ಅದು ಅದರ ಉಸಿರು,” ಎಂದು ಪುಸ್ತಕದ ಭಾಷೆಯಲ್ಲಿ ಹೇಳಿದಳು.

ಲಾಲಬಿ ಚಂದವ್ವನ ಮೊಣಕೈ ಹಿಡಿದಳು.

ಸಂಜೆ ಬಸ್ ನಿಲ್ದಾಣದಲ್ಲಿ ಅವಳು ವಿದ್ಯಾವತಿಯ ಎದುರು ಹೋಗಿ ನಿಂತಳು. “ಅದು ನಂದಲ್ಲೇನ್ರಿ?”

“ನಿಂದ ಐತಿ, ಯಾರ್ ಇಲ್ಲಂದ್ರು? ಅಡಿಗಿಯಾಕಿ ಮಾಡ್ಯಾಳ ಅಂದ್ರ ಈ ಮಂದಿ ಕುಂತು ನೋಡ್ತಿದ್ರೇನು?”

“ನಿಮ್ಮ ಹೆಸರು ಹಾಕ್ಕೋರಿ, ಬಿಡ್ರಿ. ಮೂರು ವರ್ಸ ನನಗ್ಯಾಕ ಕೆಟ್ಟೈತಿ ಕೆಟ್ಟೈತಿ ಅಂದ್ರಿ?”

“ಸಿಂದಗಿ ಬಸ್ ಬಂತು,” ಎಂದು ವಿದ್ಯಾವತಿ ಚೀಲ ಎತ್ತಿಕೊಂಡಳು. ಇಬ್ಬರೂ ಅದೇ ಬಸ್ಸು ಹತ್ತಬೇಕಾಯಿತು.

ಮರುದಿನ ಚಂದವ್ವ ಹೆಡ್‌ಮಾಸ್ತರ ರಾಚಪ್ಪನವರ ಬಳಿ ಹೋದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀ ಮಾಡಿದ್ದು ಅಂತ ನನಗ ಗೊತ್ತೈತವಾ. ಮೊದಲ ಗೊತ್ತಿತ್ತು. ಆದ್ರ ನಮ್ಮ ಸಾಲಿಗೆ ಹೆಸರು ಬಂತಲ್ಲ. ದೊಡ್ಡದು ಮಾಡಬ್ಯಾಡ.”

ಬಾಗೇವಾಡಿಯ ಚಪ್ಪಾಳೆಗಿಂತ ಆ ‘ಮೊದಲ ಗೊತ್ತಿತ್ತು’ ಅವಳನ್ನು ಹೆಚ್ಚು ಚುಚ್ಚಿತು. ಆದರೂ ಅಂದು ಎಂದಿನಂತೆ ಅಕ್ಕಿ ತೊಳೆದಳು, ಬೇಳೆ ಬೇಯಿಸಿದಳು. ಪಂಕ್ತಿಯ ಕೊನೆಗೆ ವಿದ್ಯಾವತಿಯ ತಾಟಿಗೂ ಸಾರು ಬಡಿಸಿದಳು. ಅಕ್ಕೋರ ಎಂದು ಮಾತ್ರ ಅಂದಿನಿಂದ ಕರೆಯಲಿಲ್ಲ.

ಜುಲೈನಲ್ಲಿ ವಿದ್ಯಾವತಿ ಅಡುಗೆಕೋಣೆಯ ಬಾಗಿಲಿಗೆ ಬಂದಳು. “ಹೊಸಾದೇನರ ಮಾಡಿಯೇನು?”

“ಬಿಟ್ಟೇನ್ರಿ,” ಎಂದಳು ಚಂದವ್ವ, ಒಲೆಯ ಕಡೆಗೇ ಮುಖ ಮಾಡಿಕೊಂಡು.

ಬಿಟ್ಟಿರಲಿಲ್ಲ. ಇಪ್ಪತ್ತು ಸೆಕೆಂಡಿನಷ್ಟು ಹೊಸದು ಮೊಬೈಲಿನಲ್ಲಿತ್ತು. ಆದರೆ ಅದು ಚೆನ್ನಾಗಿದೆಯೋ ಇಲ್ಲವೋ ಅವಳಿಗೆ ತಿಳಿಯುತ್ತಿರಲಿಲ್ಲ. ಮೂರು ವರ್ಷ ಇನ್ನೊಬ್ಬರ ಮಾತಿನಿಂದಲೇ ಅಳೆದು, ತನ್ನ ಕಣ್ಣನ್ನು ನಂಬುವುದು ಮರೆತುಹೋಗಿತ್ತು.

ಒಂದು ಭಾನುವಾರ ಲಾಲಬಿ ಮನೆಗೆ ಬಂದಾಗ ಅದನ್ನು ತೋರಿಸಿದಳು.

“ಭಾಳ ಚಲೋ ಐತಿ,” ಎಂದಳು ಲಾಲಬಿ.

“ಖರೇ ಹೇಳು.”

“ಖರೇನ ಹೇಳಾಕತ್ತೇನಿ.”

“ಯಾರ ಮುಂದರ ಹೇಳ್ತಿಯೇನು?”

ಲಾಲಬಿಯ ಮುಖ ಸಣ್ಣದಾಯಿತು. “ನನ್ನ ಮ್ಯಾಲೂ ಸಂಶೇನ?” ಎಂದು ಎದ್ದವಳು ಚಪ್ಪಲಿ ಮೆಟ್ಟಿ ಅಂಗಳ ದಾಟಿದಳು. ಕೂಗಿ ನಿಲ್ಲಿಸಬೇಕೆಂದು ಚಂದವ್ವ ಬಾಗಿಲವರೆಗೆ ಬಂದಳು. ಮೊಬೈಲನ್ನು ಲಾಲಬಿಯ ಕೈಗೆ ಕೊಡದೆ, ತಾನೇ ಗಟ್ಟಿಯಾಗಿ ಹಿಡಿದುಕೊಂಡು ತೋರಿಸಿದ್ದು ಅವಳಿಗೆ ಆಗ ಅರಿವಿಗೆ ಬಂತು.