ನಡುಗುವ ಹೇಂಟೆ, ಮಾವನ ಹುಂಜ

‘ವೈ’ ಎಂದು ಕೇಳುವ ಚಟ ನನಗೆ ಹತ್ತಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರ್‌ಗಳು ಎಲ್ಲದಕ್ಕೂ ಒಂದು ರೀಸನ್ ಉಂಟು ಎನ್ನುತ್ತಿದ್ದರು. ಒಂದು ಬೇಸಗೆ ರಜೆಗೆ ವರ್ಕಾಡಿಯ ಮನೆಗೆ ಬಂದಾಗ ನನ್ನ ಎಳೆ ಹೇಂಟೆ ಯಾಕೆ ನಡುಗುತ್ತಿತ್ತು ಎಂಬುದಕ್ಕೆ ಮಾತ್ರ ಈ ವಯಸ್ಸಿನವರೆಗೂ ನನಗೆ ಉತ್ತರ ಸಿಕ್ಕಿಲ್ಲ.

ಕ್ರಿಸ್‌ಮಸ್ ರಜೆಯಲ್ಲಿ ಅಂಗೈಯಲ್ಲಿ ನುಚ್ಚು ತಿನ್ನಿಸಿ ಸಾಕಿದ ಮರಿ ಅದು. ಈಗ ಮೈತುಂಬ ಕಂದು ಗರಿ ಬಂದು ಇನ್ನೇನು ಮೊಟ್ಟೆ ಇಡಬೇಕು. ತಿನ್ನುವುದರಲ್ಲಿ, ಓಡುವುದರಲ್ಲಿ ಎಂತದೂ ಕಡಿಮೆಯಿಲ್ಲ. ಆದರೆ ನಿಂತ ನಿಲುವಿನಲ್ಲೇ ಕತ್ತು ಅದುರಲು ಸುರುವಾಗಿ, ಆ ನಡುಕ ರೆಕ್ಕೆಗಿಳಿದು, ಭತ್ತದ ಕಾಳಿಗೆ ಹಾಕಿದ ಕೊಕ್ಕು ಪಕ್ಕದ ಮಣ್ಣಿಗೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲ ಸರಿ. ರೆಕ್ಕೆ ಎತ್ತಿ ಹೇನು ಹುಡುಕಿದೆ, ಕೊಕ್ಕು ಬಿಡಿಸಿ ಗಂಟಲು ನೋಡಿದೆ, ಬೆಳ್ಳುಳ್ಳಿ ಜಜ್ಜಿ ನುಂಗಿಸಿದೆ. ನಥಿಂಗ್!

ಒಂದು ಸಂಜೆ ಅಜ್ಜಿ ಚಾವಡಿಯಲ್ಲಿ ದೈವದ ಮುಂದೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅದು ಮೆಟ್ಟಿಲ ಬಳಿ ನಿಂತು ನಡುಗಿತು. ದೈವ ಮೈಮೇಲೆ ಬಂದಾಗ ಪಾತ್ರಿ ನಡುಗುವುದನ್ನು ಹುಟ್ಟಿದಾಗಿನಿಂದ ಕಂಡ ಅಜ್ಜಿಗೆ ಬೇರೆ ಎಂತ ತೋಚೀತು?

“ದರ್ಶನ!” ಎಂದು ಕೈ ಮುಗಿದರು. “ಈ ಸಲದ ತಂಬಿಲಕ್ಕೆ ದೈವ ಇದನ್ನೇ ಕೇಳಿದ್ದು.”

ತಂಬಿಲವೆಂದರೆ ವರ್ಷಕ್ಕೊಮ್ಮೆ ಮನೆಯ ದೈವಕ್ಕೆ ಬಡಿಸುವುದು. ಅದಕ್ಕೊಂದು ಕೋಳಿ ಕೊಯ್ಯಲೇಬೇಕು. ಆ ವರ್ಷ ಮನೆಯಲ್ಲಿ ಕೊಯ್ಯುವಂಥದ್ದು ಸೋದರಮಾವನ ಅಂಕದ ಹುಂಜ ಒಂದೇ. ಗದ್ದೆಯಲ್ಲಿ ನಡೆಯುವ ಕೋಳಿ ಕಾಳಗಗಳಲ್ಲಿ ಗೆದ್ದು ಬಂದ ಆ ಹುಂಜಕ್ಕೆ ಮಾವ ಕೈಯಾರೆ ಎಣ್ಣೆ ತಿಕ್ಕುತ್ತಿದ್ದರು. ಅಜ್ಜಿಯ ಮಾತು ಕೇಳಿದ್ದೇ ಅವರ ಮುಖ ಅರಳಿತು.

“ದೈವವೇ ಬಾಯಿಬಿಟ್ಟು ಕೇಳಿದ ಮೇಲೆ ನಾವು ಯಾರು, ಅಮ್ಮ?”

ನಾನು ಹೇಂಟೆಯನ್ನು ಎತ್ತಿ ಎದೆಗವಚಿಕೊಂಡೆ. “ನಾನ್ಸೆನ್ಸ್! ಇದನ್ನು ಕೊಯ್ಯಲು ಬಿಡುವುದಿಲ್ಲ.”

“ಯಾಕೆ ಮಾರಾಯ್ತಿ, ಕಾನ್ವೆಂಟಿನವರು ಕೋಳಿಗೂ ಜ್ಞಾನಸ್ನಾನ ಮಾಡಿಸಿ ಕಳಿಸಿದ್ದಾರಾ?” ಎಂದರು ಮಾವ.

ಸೈನ್ಸ್ ಹೇಳೋಣವೆಂದರೆ ಈ ನಡುಕದ ಸೈನ್ಸ್ ನನಗೇ ಗೊತ್ತಿಲ್ಲ. ಹಾಗಾಗಿ ಅವರದೇ ದಾರಿ ಹಿಡಿದೆ.

“ಅಜ್ಜೀ, ಪಾತ್ರಿ ನಡುಗುವಾಗ ನೀವು ಎಂತ ಮಾಡುವುದು? ಕೈ ಮುಗಿಯುವುದಾ, ಕತ್ತಿ ತರುವುದಾ?”

ಅಜ್ಜಿ ಬತ್ತಿಯ ಎಣ್ಣೆ ಹತ್ತಿದ ಬೆರಳನ್ನು ತಲೆಗೆ ಒರೆಸಿಕೊಂಡು ಹೇಂಟೆಯ ಕಡೆ ನೋಡಿದರು.

“ಪಾತ್ರಿಯೂ ಕೋಳಿಯೂ ಒಂದೆಯಾ?” ಮಾವನ ಸ್ವರ ಏರಿತು.

“ನೀನು ಬಾಯಿ ಮುಚ್ಚು. ದೈವ ಕೂತ ಮೈ ಅದು. ಹುಡುಗಿ ಹೇಳಿದ್ದರಲ್ಲಿ ಎಂತ ತಪ್ಪುಂಟು?” ಎಂದ ಅಜ್ಜಿಯ ಕಣ್ಣು ಅಂಗಳದ ಹುಂಜದ ಕಡೆ ತಿರುಗಿತು. ಮರುದಿನ ಬೆಳಿಗ್ಗೆಯೇ ಮಾವ ಸಂತೆಗೆ ಹೋಗಿ ಬೇರೊಂದು ಹುಂಜ ತಂದರು. ತಂಬಿಲ ನಡೆಯಿತು.

ಹೇಂಟೆ ಉಳಿಯಿತು, ಆದರೆ ದೈವದ್ದಾಗಿ. ಯಾರೂ ಅದನ್ನು ಮುಟ್ಟುವಂತಿಲ್ಲ, ಮೊಟ್ಟೆ ಇಟ್ಟರೆ ತಿನ್ನುವಂತಿಲ್ಲ. ನನಗೆ ಅದೂ ಸಹಿಸಲಾಗಲಿಲ್ಲ. ನನ್ನ ಕೋಳಿ ಕೋಳಿಯಾಗಿಯೇ ಬದುಕಬೇಕಿತ್ತು. ಒಲೆಯ ಬದಿಯ ಬೂದಿಯಲ್ಲಿ ಮೊದಲ ಮೊಟ್ಟೆ ಕಂಡ ದಿನ ಅದನ್ನು ಬೇಯಿಸಿ, ಉಪ್ಪು ಮೆಣಸು ಹಾಕಿ, ಅಜ್ಜಿ, ಮಾವ ಇಬ್ಬರ ಎದುರೇ ಕೂತು ತಿಂದೆ.

“ಓಹೋ, ದೈವ ಇಳಿದು ಹೋಯಿತಾ? ಹಾಗಾದರೆ ನಾಳೆ ಸಾರು ಮಾಡುವ!” ಎಂದರು ಮಾವ. ಅಷ್ಟು ದೂರ ನಾನು ಯೋಚಿಸಿರಲೇ ಇಲ್ಲ.

ಅಜ್ಜಿಯೋ, ದೈವದ ಮೊಟ್ಟೆ ತಿಂದದ್ದಕ್ಕೆ ನನಗೆ ನಡುಕ ಹಿಡಿಯುತ್ತದೋ ಎಂದು ದೀಪ ಹಚ್ಚುವವರೆಗೂ ನನ್ನ ಕೈಗಳನ್ನೇ ನೋಡುತ್ತಿದ್ದರು. ಹಿಡಿಯಲಿಲ್ಲ.

ಮರುದಿನ ಬೂದಿಯಲ್ಲಿ ಮೊಟ್ಟೆ ಇರಲಿಲ್ಲ. ಕತ್ತಿ ಮಸೆಯುತ್ತಿದ್ದ ಮಾವನ ಪಕ್ಕದಲ್ಲೇ, ಗೋಡೆಗೊರಗಿ ಕೂತ ಅಜ್ಜಿ ಬೆಂದ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದರು. “ಮೊಟ್ಟೆ ಇಡುವ ಹೇಂಟೆಯನ್ನು ಯಾವ ಮನೆಯಲ್ಲಿ ಕೊಯ್ತಾರೆ? ಕತ್ತಿ ಒಳಗಿಡು” ಎಂದು ಮಾವನಿಗೆ ಹೇಳಿ ನನ್ನ ಕಡೆ ತಿರುಗಿದರು.

“ಎಂತ ನೋಡುವುದು? ನಿನಗೊಬ್ಬಳಿಗೇ ಧೈರ್ಯ ಇರುವುದಾ? ಉಪ್ಪು ತಾ.”