ಬೀಗದಕ್ಕನ ಅಂಗಡಿ ಕೊಟ್ಟ ಉತ್ತರ

ಬೀಗ ರಿಪೇರಿಯ ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಅಂಗಡಿ, ಗೋಡೆ ತುಂಬ ಕೀಗಳು, ನಡುವೆ ಕೀ ಕೊರೆಯುವ ಯಂತ್ರ, ಕೀ ಉಜ್ಜುವ ಅರ. ಬೀದಿಯವರಿಗೆಲ್ಲ ಅವಳು ಬೀಗದಕ್ಕ. ಯಾರ ಮನೆಗೆ ಎಂಥ ಬೀಗ ಹಾಕಿದೆ ಎಂದು ಗಂಡನ ಹತ್ತಿರವೂ ಬಾಯಿಬಿಟ್ಟವಳಲ್ಲ.

ಯಂತ್ರ ತಿರುಗುವಾಗ ಫೋನ್ ಕೇಳಿಸುತ್ತಿರಲಿಲ್ಲ, ಗಿರಾಕಿಗಳು ಕೈತಪ್ಪುತ್ತಿದ್ದರು. ಅಂಗಡಿಗೆ ಒತ್ತಾಸೆಯಾಗಿದ್ದ ನಾದಿನಿ, "ಅತ್ತಿಗೆ, ಮೆಸೇಜಿಗೆಲ್ಲ ಎಐ ತಾನೇ ಉತ್ತರ ಕೊಡುತ್ತೆ. ನೀವು ಅರ ಕೆಳಗಿಡೋದೇ ಬೇಡ," ಎಂದಳು. ಚೆನ್ನಾಗಿ ಉತ್ತರಿಸಲಿ ಎಂದು ಅಂಗಡಿಯ ಎಲ್ಲ ಕೆಲಸಗಳ ವಿವರವನ್ನೂ ಅದಕ್ಕೆ ತುಂಬಿಸಿದಳು.

"ನನಗಿಂತ ನಯವಾಗಿ ಮಾತಾಡುತ್ತೆ ಕಣೇ!" ಎಂದು ಬೀಗದಕ್ಕ ನಕ್ಕಿದ್ದಳು.

ಒಂದು ಸಂಜೆ ಇಸ್ತ್ರಿ ಅಂಗಿಯ ಗಂಡಸೊಬ್ಬ ಬಂದ. "ಕೀ ರೆಡಿ ಇದೆ ಅಂತ ಮೆಸೇಜ್ ಕಳಿಸಿದ್ರಲ್ಲ, ಕೊಡಿ," ಎಂದು ಒಂದು ವಿಳಾಸ ಹೇಳಿದ.

ಆ ಮನೆಯಲ್ಲಿದ್ದದ್ದು ಒಬ್ಬ ನರ್ಸ್ ಮತ್ತು ಅವಳ ಪುಟ್ಟ ಮಗಳು. "ಗಂಡನ ಹೊಡೆತ ತಾಳಲಾರದೆ ಬಂದಿದ್ದೀನಿ ಅಕ್ಕಾ. ಈ ಮನೆ ಅವರಿಗೆ ಗೊತ್ತಿಲ್ಲ," ಎಂದು ಬೀಗ ಹಾಕಿಸಿ, ಇನ್ನೊಂದು ಕೀ ಮಾಡಿಡಲು ಹೇಳುವಾಗ ಅಂದಿದ್ದಳು.

ಬೀಗದಕ್ಕ ಪಕ್ಕಕ್ಕೆ ತಿರುಗಿ ಫೋನ್ ನೋಡಿದಳು. ಹೆಂಡತಿಯ ಹೆಸರು ಹೇಳಿ, ಅವಳ ಇನ್ನೊಂದು ಕೀ ಆಯಿತೇ ಎಂದು ಆತ ಕೇಳಿದ್ದ. ಊರಿನ ಬೀಗದಂಗಡಿಗಳಿಗೆಲ್ಲ ಹಾಗೇ ಕೇಳಿದ್ದನೋ ಏನೋ. ಬೀಗದಕ್ಕನ ಅಂಗಡಿಯ ಎಐ ಉತ್ತರ ಕೊಟ್ಟಿತ್ತು: "ಆಗಿದೆ ಸರ್." ಕೆಳಗೆ ಬೀದಿ, ಮಹಡಿ, ಬಾಗಿಲ ಸಂಖ್ಯೆ. "ಇದೇ ವಿಳಾಸ ತಾನೇ? ಯಾವಾಗ ಬೇಕಾದರೂ ಬನ್ನಿ." ಕೊನೆಗೆ ಕೈಮುಗಿದ ಚಿತ್ರ ಬೇರೆ.

"ಬೀಗ ಹಾಕಿಸಿದವರ ಕೈಗೇ ಕೊಡೋದು," ಎಂದಳು.

"ಪರವಾಗಿಲ್ಲ ಬಿಡಿ. ಅಡ್ರೆಸ್ ಸಿಕ್ತಲ್ಲ." ಆತ ನಗುತ್ತಲೇ ಹೊರಟ.

ಬೀಗದಕ್ಕ ಕೂಡಲೇ ನರ್ಸ್‌ಗೆ ಫೋನ್ ಮಾಡಿದಳು. "ಮನೆಗೆ ಹೋಗಬೇಡಮ್ಮ. ಅವನಿಗೆ ಗೊತ್ತಾಗಿದೆ. ನನ್ನ ಅಂಗಡಿಯಿಂದಲೇ."

ಆ ಕಡೆಯಿಂದ ನರ್ಸ್ ಕೂಗಿದಳು, "ನಾನು ಆಸ್ಪತ್ರೇಲಿದ್ದೀನಿ. ಮಗು ಒಂದೇ ಇದೆ ಮನೇಲಿ!"

ಪೊಲೀಸರಿಗೆ ತಿಳಿಸಿ, ಅಂಗಡಿ ತೆರೆದಿಟ್ಟೇ ಬೀಗದಕ್ಕ, ನಾದಿನಿ ಇಬ್ಬರೂ ಸ್ಕೂಟರ್ ಹತ್ತಿದರು. ಅವರು ಮಹಡಿ ಮುಟ್ಟುವಾಗ ಆತ ಬಾಗಿಲಿಗೆ ಭುಜ ಕೊಟ್ಟು ಗುದ್ದುತ್ತಿದ್ದ. "ಪುಟ್ಟೀ, ಅಪ್ಪ ಬಂದಿದ್ದೀನಿ, ತೆಗಿ!" ಬೀಗದಕ್ಕ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಅಕ್ಕಪಕ್ಕದವರು ಹೊರಬಂದು ಅವನನ್ನು ಸುತ್ತುವರಿದರು; ಅಷ್ಟರಲ್ಲಿ ಪೊಲೀಸರೂ ಬಂದರು. ಬೀಗ ಜಗ್ಗಿರಲಿಲ್ಲ. ಅಮ್ಮ ಬಂದು ಕರೆದ ಮೇಲೆಯೇ ಬಾಗಿಲು ತೆರೆಯಿತು. ಮಗು ಅಷ್ಟು ಹೊತ್ತೂ ಎರಡು ಕೈಯಲ್ಲಿ ಚಿಲಕ ಹಿಡಿದೇ ನಿಂತಿತ್ತು.

ನಾದಿನಿ ಅಳುತ್ತ, "ಅದನ್ನ ತೆಗೆದುಹಾಕ್ತೀನಿ ಅತ್ತಿಗೆ," ಎಂದಳು.

"ಅದೇನು ಮಾಡುತ್ತೆ? ಎಲ್ಲಾ ಹೇಳಿಕೊಟ್ಟವರು ನಾವು. ಅಂಗಡಿ ಎಷ್ಟೊತ್ತಿಗೆ ತೆಗೀತೀವಿ, ಯಾವ ಬೀಗಕ್ಕೆ ಎಷ್ಟಾಗುತ್ತೆ, ಇಷ್ಟು ಹೇಳಲಿ ಸಾಕು. ಯಾರ ಹೆಸರೂ, ಯಾರ ಮನೆಯೂ ಅದಕ್ಕೆ ಗೊತ್ತಿರಬಾರದು. ಕೀ ವಿಷಯ ಕೇಳಿದ್ರೆ ಅಂಗಡಿಗೇ ಬನ್ನಿ ಅನ್ನಲಿ."

ಇಂದಿಗೂ ಹಾಗೆಯೇ ನಡೆದಿದೆ. ನರ್ಸ್ ಮನೆ ಬದಲಿಸಿದಳು. ಬೀಗದಕ್ಕ ಪುಕ್ಕಟೆಯಾಗಿ ಬೀಗ ಹಾಕಿಕೊಡುತ್ತೇನೆಂದು ಹೇಳಿಕಳಿಸಿದರೂ ಅವಳು ಬೇರೆಯವರಿಂದ ಹಾಕಿಸಿಕೊಂಡಳಂತೆ. ನಾದಿನಿ ಮುಖ ಸಣ್ಣದು ಮಾಡಿಕೊಂಡಾಗ ಬೀಗದಕ್ಕ, "ನಾನಾಗಿದ್ರೂ ಹಾಗೇ ಮಾಡ್ತಿದ್ದೆ," ಎಂದು ಅರ ಕೈಗೆತ್ತಿಕೊಂಡಳು.