ದುಂಬಿಯ ಕೆಳಗಿನ ಹೆಸರು

ಭಾಲ್ಕಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಚ್ಛೇಂದ್ರನ ಸ್ಟುಡಿಯೋ ಇದೆ. ಸ್ಟುಡಿಯೋ ಅನ್ನುವುದು ಬೋರ್ಡಿನ ಮರ್ಯಾದೆ ಅಷ್ಟೆ. ಒಳಗೆ ಒಂದು ನೀಲಿ ಪರದೆ, ಒಂದು ಸ್ಟೂಲು, ಯಾರೂ ಒಯ್ಯದಂತೆ ದಾರ ಕಟ್ಟಿದ ಬಾಚಣಿಗೆ. ಮೊಬೈಲ್ ಬಂದ ಮೇಲೆ ಪಾಸ್‌ಪೋರ್ಟ್ ಫೋಟೋಕ್ಕೂ ಜನ ಬರುವುದು ಕಡಿಮೆಯಾಯಿತು. ಹೊಟ್ಟೆ ತುಂಬಿಸುವುದು ಮದುವೆಗಳು. ಅವನ ಹರೆಯವೆಲ್ಲ ಮಂದಿಯ ಮದುವೆಯಲ್ಲಿ ನಿಂತೇ ಕಳೆಯಿತು. ಆಲ್ಬಮ್ ತಿರುವಿ ಹಾಕುವವರು ಸೀರೆ ನೋಡುತ್ತಾರೆ, ಬಂಗಾರ ನೋಡುತ್ತಾರೆ, ಊಟದ ಪಂಕ್ತಿಯಲ್ಲಿ ತಾವು ಬಿದ್ದಿದ್ದೇವೋ ಇಲ್ಲವೋ ನೋಡುತ್ತಾರೆ. ತೆಗೆದವನು ಯಾರೆಂದು ಯಾವ ಪುಣ್ಯಾತ್ಮನೂ ಕೇಳಿಲ್ಲ.

ಇಂಥವನಿಗೆ ಹುಳಗಳ ಹುಚ್ಚು. ಔರಾದ ತಾಲೂಕಿನ ಚಿಂತಾಕಿ ಅವನ ಹುಟ್ಟೂರು. ಅಲ್ಲಿ ಅಣ್ಣ ಧಮ್ಮಪಾಲನ ಹೊಲ, ಅಣ್ಣನ ಜೊತೆಗೇ ತಾಯಿ ಶೇವಂತಾಬಾಯಿ, ಸಾಲಿಗೆ ಹೋಗುವ ಅಣ್ಣನ ಮಗಳು ವಿಶಾಖಾ. ತೊಗರಿ ಹೂ ಬಿಟ್ಟಿತೆಂದರೆ ಇವನು ಸ್ಟುಡಿಯೋ ಬಾಗಿಲು ಹಾಕಿ ಊರಿಗೆ ಹೊರಡುತ್ತಾನೆ. ಹುಳ ದೊಡ್ಡದಾಗಿ ಕಾಣಲೆಂದು ಹಳೆಯ ಲೆನ್ಸೊಂದನ್ನು ಹಿಂದುಮುಂದಾಗಿ ಕ್ಯಾಮೆರಾಕ್ಕೆ ಕೂಡಿಸಿಕೊಂಡು, ಇಬ್ಬನಿಯಲ್ಲಿ ಮೊಣಕಾಲೂರಿ, ಉಸಿರು ಹಿಡಿದು ಕೂರುತ್ತಾನೆ. ಬಿಸಿಲು ಏರುವ ಮುಂಚೆ ಹುಳಗಳಿಗೆ ಮೈ ಜಡ, ಎದ್ದು ಹಾರಲು ಬೇಸರ. ಅದೊಂದು ವಿಷಯದಲ್ಲಿ ಅವಕ್ಕೂ ಇವನಿಗೂ ಒಳ್ಳೆಯ ಹೊಂದಾಣಿಕೆ. ಇತ್ತೀಚೆಗೆ ಕೂತರೆ ಏಳುವಾಗ ತೊಗರಿ ಗಿಡವನ್ನೇ ಹಿಡಿಯಬೇಕಾಗುತ್ತದೆ.

ಎಲ್ಲಕ್ಕಿಂತ ಅವನಿಗೆ ಇಷ್ಟ ಕರಿ ದುಂಬಿ. ಅಣ್ಣನ ದನದ ಕೊಟ್ಟಿಗೆಯ ತೊಲೆಗಳಲ್ಲಿ ತೂತು ಕೊರೆದು ಅವು ಸಂಸಾರ ಹೂಡಿದ್ದವು. ದಣಿದ ದಿನಗಳಲ್ಲಿ ಆ ಗುಂಯ್ ಸದ್ದು ಕೇಳಿದರೆ ಅವನ ತಲೆಯಲ್ಲಿನ ಬ್ಯಾಂಡು, ಡಿಜೆ ಎಲ್ಲ ಅಡಗುತ್ತಿತ್ತು. ಹಳದಿ ಹೂವಿನ ಮೇಲೆ ಕೂತ ದುಂಬಿಯ ಒಂದು ಚಿತ್ರವಿತ್ತು. ರೆಕ್ಕೆಯಲ್ಲಿ ನೀಲಿ ಹೊಳಪು, ಎದೆಯ ತುಂಬ ಪರಾಗ. ಅವನ ಜೀವಮಾನದ ಚಿತ್ರ ಅದು.

ಕಳೆದ ಹಂಗಾಮಿನಲ್ಲಿ ಕೀಟನಾಶಕದ ವ್ಯಾಪಾರಿಯೊಬ್ಬ ಬಂದು, ‘ತೊಗರಿಯ ವೈರಿಗಳು’ ಎಂಬ ಪೋಸ್ಟರಿಗೆ ಹುಳಗಳ ಫೋಟೋ ಬೇಕೆಂದ. ಮಚ್ಛೇಂದ್ರ ಹಾಕಿದ್ದು ಒಂದೇ ಷರತ್ತು.

“ಫೋಟೋದ ಕೆಳಗ ನನ್ನ ಹೆಸರು ಬರಬೇಕ್ರಿ.”

“ಅದಕ್ಕೇನ್ರಿ, ದೊಡ್ಡದಾಗೇ ಹಾಕಸೋಣ್ರಿ.”

ಕಾಯಿಕೊರಕ, ರಸ ಹೀರುವ ತಿಗಣೆಗಳ ಜೊತೆಗೆ ದುಂಬಿಯನ್ನೂ ಕಳಿಸಿದ. ಯಾಕೆ ಕಳಿಸಿದೆಯಪ್ಪಾ ಎಂದರೆ, ಯಾರಾದರೂ ನೋಡಲಿ ಎಂಬ ಆಸೆ. ಬೀದರಿನ ಪ್ರೆಸ್ಸಿನವರಿಗೆ ದುಂಬಿ ಯಾವುದು, ಕೊರಕ ಯಾವುದು? ಚೆಂದ ಕಂಡದ್ದನ್ನು ನಡುಮಧ್ಯೆ ದೊಡ್ಡದಾಗಿ ಕೂರಿಸಿದರು. ಅಚ್ಚಾಗುವ ಮುಂಚೆ ಮೊಬೈಲಿಗೆ ಕಳಿಸಿ ಕೇಳಿಯೂ ಕೇಳಿದರು. ಮಚ್ಛೇಂದ್ರ ಆಗ ಒಂದು ಅಕ್ಷತೆಯ ಗದ್ದಲದಲ್ಲಿದ್ದ. ಹೆಸರು ಇದೆಯೋ ಇಲ್ಲವೋ ಅಂತ ನೋಡಿದ, ಇತ್ತು. ‘ಓಕೆ’ ಎಂದು ಕಳಿಸಿಬಿಟ್ಟ. ಹೆಸರಿನ ಮೇಲೇನಿದೆ ಎಂದು ನೋಡಲಿಲ್ಲ.

ಈ ಸಲ ಚಿಂತಾಕಿಗೆ ಹೋದಾಗ ಕೊಟ್ಟಿಗೆ ಸಪ್ಪಗಿತ್ತು. ತೊಲೆಯ ತೂತುಗಳಿಗೆಲ್ಲ ಬಟ್ಟೆ ತುರುಕಿ ಮೇಲೆ ಸೆಗಣಿ ಮೆತ್ತಿದ್ದರು. ಒಂದನ್ನು ಕಿತ್ತು ನೋಡಿದ. ಬಟ್ಟೆಯಿಂದ, ಬೆಳೆಯ ಹುಳಕ್ಕೆ ಹೊಡೆಯುವ ಎಣ್ಣೆಯ ನಾತ ಬಂತು, ಒಳಗಿಂದ ಒಂದು ದುಂಬಿ ಒಣಗಿ ಉದುರಿತು. ಅಷ್ಟರಲ್ಲಿ ಶೇವಂತಾಬಾಯಿ ಪೋಸ್ಟರ್ ಹಿಡಿದುಕೊಂಡು ನಗುತ್ತ ಬಂದಳು.

“ವಿಶಾಖಾ ನಿನ್ನ ಹೆಸರು ಓದಿ ಹೇಳಿದಳಪಾ. ಮನಿಮನಿಗಿ ಒಯ್ದು ತೋರಿಸೀನಿ. ಇದು ತೊಗರಿ ತಿನ್ನೋ ಹುಳ, ನನ್ನ ಮಗನೇ ಹೇಳ್ಯಾನ ಅಂತ ಎಲ್ಲಾರಿಗೂ ಹೇಳೀನಿ. ಓಣಿಯವರೆಲ್ಲಾ ಎಣ್ಣಿ ಅದ್ದಿ ತೂತು ಮುಚ್ಯಾರ.”

ಮಚ್ಛೇಂದ್ರ ದನಗಳಿಗೆ ಮೇವು ಹಾಕುವ ಗ್ವಾದಲಿಯ ಕಟ್ಟೆಯ ಮೇಲೆ ಕೂತ.

“ಅವ್ವಾ, ದುಂಬಿ ತೊಗರಿ ತಿನ್ನಂಗಿಲ್ಲ. ಅದು ಹೂವಿಗಿ ಬಂದ್ರ ಕಾಯಿ ಛಲೋ ಹಿಡೀತದ.”

ಅವಳ ನಗು ನಿಂತಿತು. ಪೋಸ್ಟರನ್ನು ನೋಡಿದಳು, ಅವನನ್ನು ನೋಡಿದಳು.

“ಹಂಗಾದ್ರ ಅದರ ಕೆಳಗ ನಿನ್ನ ಹೆಸರು ಯಾಕ ಹಾಕಿಸಿದಿ?”

“ಹೆಸರು ಬರಬೇಕಂತ ಆಶಾ ಇತ್ತವ್ವಾ. ಹೆಸರಷ್ಟೇ ನೋಡಿದೆ.”

ವ್ಯಾಪಾರಿಗೆ ಫೋನು ಮಾಡಿದ. “ಹಂಚಿದ್ದು ಹಂಚಿ ಆಗ್ಯಾದ್ರಿ, ಮುಂದಿನ ವರ್ಷ ಸರಿ ಮಾಡೋಣ್ರಿ” ಎಂದು ಅವನು ಇಟ್ಟುಬಿಟ್ಟ. ಜಗಳ ಮಾಡಲು ಮಚ್ಛೇಂದ್ರನಲ್ಲಿ ಕಸುವಿರಲಿಲ್ಲ. ಕಸುವು ಉಳಿದಿದ್ದುದು ಮುದುಕಿಯಲ್ಲಿ. ಸೆರಗು ಸಿಕ್ಕಿಸಿಕೊಂಡು, “ನಾನು ಹೇಳಿದ್ದು ನಾನೇ ತಿರುಗಿ ಹೇಳತೇನಿ, ನಡಿ” ಎಂದಳು.

ಅಮ್ಮ ಮುಂದೆ, ಮಗ ಹಿಂದೆ. ಹೆಮ್ಮೆಯಿಂದ ಹತ್ತಿದ್ದ ಕಟ್ಟೆಗಳನ್ನೇ ಅವಳು ಮತ್ತೆ ಹತ್ತಿದಳು. “ತಪ್ಪಾಗ್ಯಾದ್ರಿ, ಉಳಿದವನ್ನ ಬಿಡ್ರಿ” ಎಂದು ಹೇಳಿ ಹೇಳಿ ದನಿ ಕೂತಿತು. ಕೆಲವರು ಹೂಂ ಎಂದರು. ಅದೇ ಓಣಿಯ ಕುಬರಾಬೀ ಮಾತ್ರ ಮುಖ ನೋಡಿಯೇ ಕೇಳಿದಳು: “ಅವತ್ತ ಕೊಲ್ಲು ಅಂತೀ, ಇವತ್ತ ಬಿಡು ಅಂತೀ. ನಿನ್ನ ಮಗ ಸಾಲಿ ಕಲ್ತಾನೋ ಇಲ್ಲೋ, ಅಕ್ಕಾ?” ಶೇವಂತಾಬಾಯಿ ಮುಂದಿನ ಕಟ್ಟೆಗೆ ನಡೆದಳು. ಯಾರ ಬಾಯಲ್ಲೂ ಮಗನ ಬಗ್ಗೆ ಇಂಥ ಮಾತು ಅವಳು ಕೇಳಿರಲಿಲ್ಲ.

ಕೊನೆಗೆ ಚಹಾದ ಹೋಟೆಲ್ಲಿನ ಗೋಡೆ. ಬರುವವರು ಹೋಗುವವರು ಎಲ್ಲ ನೋಡುವಂತೆ ಅಲ್ಲೊಂದು ಪೋಸ್ಟರ್ ಅಂಟಿಸಿದ್ದರು. ಗಟ್ಟಿ ಅಂಟು. ಮಚ್ಛೇಂದ್ರ ಉಗುರು ಹಾಕಿದ. ಅಮ್ಮ ಅವನ ಕೈ ಹಿಡಿದಳು.

“ಹುಳ ಹರಿ. ಹೆಸರು ಹರೀಬ್ಯಾಡಪಾ. ಅಷ್ಟು ಇರಲಿ.”

ಅವನಿಗೆ ಅಳು ಬಂತು, ಅಳುವುದಕ್ಕೂ ಸುಸ್ತಾಗಿತ್ತು. ಮೆಲ್ಲಗೆ ಅವಳ ಕೈ ಬಿಡಿಸಿದ. ಮೊದಲು ಹೆಸರನ್ನೇ ಹರಿದ.